ಕೋಡ್ ಆರು: ಊರಿಗೆ ಹೋಗಿದ್ದಾರೆ

೨೦೦೭ರಲ್ಲಿ ನಾನು ಠಾಣೆಯ ಮಾಜಿವಾಡಾ ಹತ್ತಿರದ ಒಂದು ಮೌಲ್ಯಮಾಪನ ಸಂಸ್ಥೆಯಲ್ಲಿ ತರಬೇತಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದು ಅಷ್ಟು ಹೊತ್ತಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಮೌಲ್ಯಮಾಪನ ಎಂದರೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದುವುದು ಎಂದೇ ನಮ್ಮ ನೆಂಟರೆಲ್ಲ ತಿಳಿದಿದ್ದರು, ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ತಮ್ಮ ಮಗನ ಮಾರ್ಕ್ಸ್ ವಿಚಾರಿಸಲು ಫೋನ್ ಮಾಡುತ್ತಿದ್ದರು. ನಮ್ಮ ಕೆಲಸ ಬೇರೆ. ಸರ್ಕಾರವೋ ಟ್ರಸ್ಟೋ ಬಡವರಿಗಾಗಿ ಒಂದು ಕಾರ್ಯಕ್ರಮ ನಡೆಸಿದಾಗ, ಅದರಿಂದ ಯಾರಿಗಾದರೂ ನಿಜವಾಗಿ ಒಳ್ಳೆಯದಾಯಿತೇ ಎಂದು ಮನೆಮನೆಗೆ ಹೋಗಿ ಕೇಳಿ, ಲೆಕ್ಕ ಹಾಕಿ, ವರದಿ ಕೊಡುವುದು. ಇಂಗ್ಲಿಷಿನಲ್ಲಿ ಇದಕ್ಕೆ ಪ್ರೋಗ್ರಾಂ ಇವ್ಯಾಲ್ಯುಯೇಷನ್ ಎನ್ನುತ್ತಾರೆ. ಆ ಕೆಲಸಕ್ಕೆ ಹೊಸಬರನ್ನು ತಯಾರು ಮಾಡುವುದು ನನ್ನ ಹೊಣೆಯಾಗಿತ್ತು.

ತರಬೇತಿ ಮೂರು ತಿಂಗಳದ್ದು. ಆ ವರ್ಷ ಎಂಟು ಜನ ಇದ್ದರು. ಮೊದಲೆರಡು ತಿಂಗಳು ತರಗತಿ: ಸ್ಯಾಂಪಲ್ ಆರಿಸುವುದು, ಪ್ರಶ್ನಾವಳಿ ಬರೆಯುವುದು, ಉತ್ತರಗಳಿಗೆ ಕೋಡ್ ಹಾಕುವುದು. ಕೊನೆಗೆ ಮೂರು ವಾರದ ಫೀಲ್ಡ್ ವರ್ಕ್. ಅದರಲ್ಲಿ ಪಾಸಾದವರಿಗೇ ಸರ್ಟಿಫಿಕೇಟ್, ಸರ್ಟಿಫಿಕೇಟ್ ಇದ್ದವರಿಗೇ ಕೆಲಸ. ಪಾಠಕ್ಕೆ ಒಂದು ಮ್ಯಾನ್ಯುಯಲ್ ಇತ್ತು, ಅದನ್ನು ಬರೆದವಳು ನಾನು. ನನಗೆ ಅದರ ಬಗ್ಗೆ ಎಷ್ಟು ಹೆಮ್ಮೆ ಎಂದರೆ, ಪುಟ ಸಂಖ್ಯೆ ಹೇಳಿದರೆ ಸಾಲುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದೆ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಹೆಡ್‌ಮಿಸ್ಟ್ರೆಸ್ ಎಂದು ಕರೆಯುವುದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಆ ಸಲದ ಫೀಲ್ಡ್ ವರ್ಕ್‌ಗೆ ಸಿಕ್ಕಿದ್ದು ಕಲ್ಯಾಣದ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಬದಿಯ ಒಂದು ಬಸ್ತಿ, ನಮ್ಮ ಕಡೆ ಕೊಳೆಗೇರಿ ಎನ್ನುವಂಥದ್ದು. ಅಲ್ಲಿ ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಒಂದು ಟ್ರಸ್ಟ್ ಬಸ್ತಿಯ ಹೆಂಗಸರನ್ನೇ ಸೇವಿಕೆಯರನ್ನಾಗಿ ನೇಮಿಸಿ, ಹುಟ್ಟಿದ ಮೂರನೇ ದಿನ ಮಗುವಿನ ತೂಕ ನೋಡುವ ವ್ಯವಸ್ಥೆ ಮಾಡಿತ್ತು. ಸೇವಿಕೆಯ ಹತ್ತಿರ ಒಂದು ಸ್ಪ್ರಿಂಗ್ ತಕ್ಕಡಿ, ಅದಕ್ಕೆ ತೂಗುಹಾಕುವ ಬಟ್ಟೆಯ ಜೋಲಿ. ತೂಕ ಎರಡು ಕಿಲೋಗಿಂತ ಕಡಿಮೆ ಇದ್ದರೆ ಅದೇ ದಿನ ಟ್ರಸ್ಟಿನ ಗಾಡಿಯಲ್ಲಿ ಮಗುವನ್ನು ಆಸ್ಪತ್ರೆಗೆ ಕಳಿಸಬೇಕು. ಒಳ್ಳೆಯ ಕಾರ್ಯಕ್ರಮ, ಈಗಲೂ ಹಾಗೇ ಹೇಳುತ್ತೇನೆ. ಅದನ್ನು ಐರೋಲಿ ಕಡೆಯ ಎರಡು ಬಸ್ತಿಗಳಿಗೂ ವಿಸ್ತರಿಸಬಹುದೇ ಎಂದು ತಿಳಿಯಲು ಟ್ರಸ್ಟಿನವರಿಗೆ ವರದಿ ಬೇಕಿತ್ತು. ಹೊಸಬರಿಗೆ ಅಭ್ಯಾಸವೂ ಆಯಿತು, ಅವರಿಗೆ ವರದಿಯೂ ಆಯಿತು ಎಂದು ನಾವು ಒಪ್ಪಿಕೊಂಡೆವು.

ಅದಕ್ಕೂ ಹಿಂದಿನ ಆರು ತಿಂಗಳಲ್ಲಿ ಹುಟ್ಟಿದ ಮಕ್ಕಳ ಪಟ್ಟಿಯಿಂದ ನೂರಿಪ್ಪತ್ತು ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದೆವು, ಒಬ್ಬೊಬ್ಬರಿಗೆ ಹದಿನೈದು. ಮನೆಗೆ ಬೀಗ ಇದ್ದರೆ ಅಥವಾ ತಾಯಿ ಸಿಗದಿದ್ದರೆ ಏನು ಮಾಡಬೇಕೆಂಬುದು ಮ್ಯಾನ್ಯುಯಲ್‌ನ ಮೂವತ್ತೊಂದನೇ ಪುಟದಲ್ಲಿತ್ತು. ಬೇರೆ ಬೇರೆ ದಿನ ಮೂರು ಸಲ ಹೋಗಿ ನೋಡಬೇಕು, ಆಮೇಲೂ ಸಿಗದಿದ್ದರೆ ಪಕ್ಕದವರನ್ನು ಕೇಳಿ ಕಾರಣಕ್ಕೆ ಕೋಡ್ ಹಾಕಿ, ಮೀಸಲು ಪಟ್ಟಿಯಿಂದ ಇನ್ನೊಂದು ಮನೆ ತೆಗೆದುಕೊಳ್ಳಬೇಕು. ಇದಕ್ಕೆ ರಿಪ್ಲೇಸ್‌ಮೆಂಟ್ ಎನ್ನುತ್ತೇವೆ. ಕಾರಣಗಳಲ್ಲಿ ಕೋಡ್ ಆರು ಎಂದರೆ ‘ಊರಿಗೆ ಹೋಗಿದ್ದಾರೆ’. ಜುಲೈ ತಿಂಗಳು, ಹಳಿಗಳ ಮೇಲೆ ನೀರು, ವಾರದಲ್ಲಿ ಎರಡು ದಿನ ಲೋಕಲ್ ರೈಲು ನಿಲ್ಲುತ್ತಿತ್ತು. ಹೇಗೂ ಇದು ಅಭ್ಯಾಸವಲ್ಲವೇ ಎಂದು ನಾನು ಮೂರು ಸಲ ಎಂಬುದನ್ನು ಹೊಡೆದುಹಾಕಿ ಒಂದು ಸಲ ಸಾಕು ಎಂದೆ. ಯಾರನ್ನೂ ಕೇಳಲಿಲ್ಲ. ನನ್ನ ಪುಸ್ತಕ, ನನ್ನ ಪೆನ್ನು.

ಎಂಟು ಜನರಲ್ಲಿ ವಿನಯಾ ಎಂಬವಳು ಕಲ್ಯಾಣದಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಚಿಕ್ಕ ಹೋಟೆಲ್. ಮನೆಯಲ್ಲಿ ತುಳು, ಹೊರಗೆ ಮರಾಠಿ, ನನ್ನ ಹತ್ತಿರ ಮಾತ್ರ ಎಲ್ಲವನ್ನೂ ಕಲಸಿದ ಕನ್ನಡ. ತರಗತಿಯಲ್ಲಿ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದಳು. ಫೀಲ್ಡ್ ವರ್ಕ್ ಮುಗಿದ ದಿನ ಉಳಿದ ಏಳು ಜನ ಹದಿನೈದು ಫಾರ್ಮ್‌ಗಳನ್ನೂ ತುಂಬಿ ತಂದು ಮೇಜಿನ ಮೇಲಿಟ್ಟರು. ಇವಳು ತಂದದ್ದು ಒಂಬತ್ತು. ಆರು ಖಾಲಿ. ಆರಕ್ಕೂ ಕಾರಣ ಕೋಡ್ ಆರು, ರಿಪ್ಲೇಸ್‌ಮೆಂಟ್ ಮಾಡಿರಲಿಲ್ಲ. ಯಾಕೆ ಎಂದು ಕೇಳಿದೆ.

“ಮೇಡಂ, ಆರು ಮನೆಯಲ್ಲೂ ಪಕ್ಕದವರದ್ದು ಸೇಮ್ ಉತ್ತರ. ಒಂದು ಮನೆಯಲ್ಲಿ ಗಂಡ ದಿನಾ ಡ್ಯೂಟಿಗೆ ಹೋಗ್ತಾ ಇದ್ದಾನೆ, ಊಟದ ಡಬ್ಬಾ ಪಕ್ಕದ ಮನೆಯಿಂದ ತಗೊಳ್ತಾನೆ. ಹೆಂಡ್ತಿ, ಪಾಪು ಮಾತ್ರ ಇಲ್ಲ. ಯಾವಾಗ ಬರ್ತಾರೆ ಕೇಳಿದ್ರೆ ಯಾರೂ ಮುಖ ನೋಡುದಿಲ್ಲ. ನಂಗೆ ಇದು ಸರಿ ಕಾಣುದಿಲ್ಲ. ಇನ್ನೊಂದು ಸಲ ಹೋಗ್ಬೇಕು.”

“ಒಂದು ಸಲ ಅಂದ್ರೆ ಒಂದು ಸಲ ಕಣಮ್ಮ. ನೀನು ಮೌಲ್ಯಮಾಪಕಿ, ಪತ್ತೇದಾರಿ ಅಲ್ಲ. ಮೂವತ್ತೊಂದನೇ ಪುಟ ಓದು.”

“ಓದಿದ್ದೇನೆ ಮೇಡಂ. ಆ ಪುಟವೇ ಸರಿ ಇಲ್ಲ ಅಂತ ಹೇಳ್ಳಿಕ್ಕೆ ಬಂದದ್ದು.”

ಮಿಕ್ಕವರು ಕೇಳುವ ಹಾಗೆ ಹೇಳಿದ್ದರಿಂದ ನನಗೆ ಕೋಪ ನೆತ್ತಿಗೇರಿತು. ಬೇರೆ ಇಬ್ಬರನ್ನು ಮರುದಿನವೇ ಕಳಿಸಿ ಮೀಸಲು ಪಟ್ಟಿಯಿಂದ ಆರು ಮನೆ ತುಂಬಿಸಿದೆ. ವಿನಯಾಳ ಹೆಸರಿನ ಮುಂದೆ ‘ಅಪೂರ್ಣ’ ಎಂದು ಬರೆದೆ. ಅಂದರೆ ಫೇಲ್.

ಜುಲೈ ಕೊನೆಗೆ ವರದಿ ಹೋಯಿತು. ಭೇಟಿ ಮಾಡಿದ ನೂರಿಪ್ಪತ್ತು ಮನೆಗಳಲ್ಲೂ ಮಕ್ಕಳು ಕ್ಷೇಮ. ನೂರಿಪ್ಪತ್ತು ಹಸುಗೂಸುಗಳಲ್ಲಿ, ಅದೂ ಅಂಥ ಬಸ್ತಿಯಲ್ಲಿ, ಒಂದೂ ತೀರಿಕೊಂಡಿಲ್ಲ ಎಂದರೆ ಸಂಖ್ಯಾಶಾಸ್ತ್ರ ಓದಿದವಳಿಗೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಸಂತೋಷ. ಎಷ್ಟು ಒಳ್ಳೆಯ ಕಾರ್ಯಕ್ರಮ, ಎಷ್ಟು ಅಚ್ಚುಕಟ್ಟಾದ ವರದಿ ಎಂದುಕೊಂಡೆ.

ವಿನಯಾ ಸುಮ್ಮನಿರಲಿಲ್ಲ. ತನ್ನ ಫಲಿತಾಂಶವನ್ನು ಮರುಪರಿಶೀಲಿಸಬೇಕೆಂದು ನಮ್ಮ ಸಂಸ್ಥೆಯ ನಿರ್ದೇಶಕರಿಗೆ ಒಂದು ಪುಟದ ಪತ್ರ ಬರೆದಳು. ಅವರು ಅದನ್ನು ನನಗೇ ದಾಟಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವಳು ನಾನು. ಅವಳ ತಪ್ಪನ್ನು ಅವಳ ಕಣ್ಣೆದುರೇ ತೋರಿಸಿಬಿಡೋಣ ಎಂದು ಆಗಸ್ಟ್ ಮೊದಲನೇ ಭಾನುವಾರ ಅವಳನ್ನು ಕರೆದುಕೊಂಡು ಆ ಆರು ಮನೆಗಳಿಗೆ ಹೊರಟೆ.

ಮೊದಲನೇ ಮನೆಗೆ ಬೀಗ. ಪಕ್ಕದ ಬಾಗಿಲಲ್ಲಿ ಅರವತ್ತರ ಆಸುಪಾಸಿನ ಹೆಂಗಸು ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಬಸ್ತಿಯಲ್ಲಿ ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ನಾನು ಮರಾಠಿಯಲ್ಲಿ ಕೇಳಿದೆ. ತಲೆ ಎತ್ತದೆ, ಊರಿಗೆ ಹೋಗಿದ್ದಾಳೆ ಎಂದಳು. ನಾನು ಗೆದ್ದ ಮುಖ ಮಾಡಿ ವಿನಯಾಳತ್ತ ತಿರುಗಿದೆ. ಅವಳು ಅಲ್ಲಿರಲಿಲ್ಲ. ಮಾವಶಿಯ ಪಕ್ಕದಲ್ಲಿ ಕೂತು ಒಂದು ಕಟ್ಟು ಸೊಪ್ಪು ಎತ್ತಿಕೊಂಡಿದ್ದಳು.

ಹತ್ತು ನಿಮಿಷ ಇಬ್ಬರೂ ಸೊಪ್ಪು ಬಿಡಿಸಿದರು. ಮಳೆ, ನಲ್ಲಿ ನೀರು, ಮೆಂತ್ಯದ ಬೆಲೆ ಇಷ್ಟೇ ಮಾತು. ನಾನು ಛತ್ರಿ ಹಿಡಿದು ಗಡಿಯಾರ ನೋಡುತ್ತ ನಿಂತಿದ್ದೆ. ಆಮೇಲೆ ಮಾವಶಿ ತಾನಾಗಿಯೇ ದನಿ ತಗ್ಗಿಸಿ ಹೇಳಿದಳು. ಮರಾಠಿಯಲ್ಲಿ ಆಡಿದ ಮಾತು, ಕನ್ನಡದಲ್ಲಿ ಬರೆಯುತ್ತೇನೆ:

“ಹನ್ನೊಂದನೇ ದಿನಕ್ಕೆ ತೀರಿಕೊಂಡಿತು ಮಗು. ಆ ಕೋಣೆಯಲ್ಲಿ ಇರೋಕೆ ಅವಳ ಕೈಲಿ ಆಗಲಿಲ್ಲ, ಗಂಡ ಊರಿಗೆ ಬಿಟ್ಟು ಬಂದ. ನಮ್ಮ ಮನೆಯಲ್ಲಿ ಬಸುರಿ ಸೊಸೆ ಇದ್ದಾಳೆ. ಹೊಸ್ತಿಲ ಮೇಲೆ ಕೂತು ಅಂಥ ಮಾತು ಹೇಗೆ ಆಡಲಿ ಅಮ್ಮ? ಊರಿಗೆ ಹೋಗಿದ್ದಾಳೆ ಅಂತೀನಿ. ಸುಳ್ಳೇನೂ ಅಲ್ಲವಲ್ಲ.”

ಆ ಬಸ್ತಿಯ ರೀತಿಯೇ ಅದು ಎಂದು ಆಮೇಲೆ ತಿಳಿಯಿತು. ಎಳೆಗೂಸು ಸತ್ತರೆ ತಾಯಿಯನ್ನು ಊರಿಗೆ ಕಳಿಸಿಬಿಡುತ್ತಾರೆ. ಉಳಿದವರು ಅದರ ಹೆಸರೆತ್ತುವುದಿಲ್ಲ, ಅದರಲ್ಲೂ ಕೈಯಲ್ಲಿ ಕಾಗದ ಹಿಡಿದು ಬಂದ ಹೊಸಬರ ಮುಂದೆ. ನಾನು ಹುಟ್ಟಿ ಬೆಳೆದ ಮನೆಯಲ್ಲೂ ಬಸುರಿಯ ಮುಂದೆ ಸಾವಿನ ಮಾತು ಆಡುತ್ತಿರಲಿಲ್ಲ. ಅದು ನನಗೆ ಗೊತ್ತಿಲ್ಲದ ವಿಷಯವೇ ಅಲ್ಲ. ಮ್ಯಾನ್ಯುಯಲ್ ಬರೆಯುವಾಗ ನೆನಪಾಗಲಿಲ್ಲ, ಅಷ್ಟೆ.

ಮಾವಶಿಯ ಸೊಸೆ ಸಂಗೀತಾ ಪರದೆ ಸರಿಸಿ ಚಹಾ ತಂದಳು. ಇಪ್ಪತ್ತೊಂದು ವರ್ಷವಿದ್ದೀತು. ಚೊಚ್ಚಲು, ತುಂಬಿದ ದಿನಗಳು, ನಡೆಯುವಾಗ ಸೊಂಟಕ್ಕೆ ಕೈ. ನಾವು ಮಕ್ಕಳ ತೂಕದ ಕೆಲಸದವರು ಎಂದು ತಿಳಿದು, ಅತ್ತೆಯ ಹಳೆಯ ಸೀರೆಗಳಿಂದ ತಾನೇ ಹೊಲಿದ ಪುಟ್ಟ ಗೋಧಡಿಯನ್ನು ತಂದು ತೋರಿಸಿದಳು. ಗೋಧಡಿ ಎಂದರೆ ನಮ್ಮ ಕೌದಿ. ಒತ್ತಾಗಿ ಹಾಕಿದ ಹೊಲಿಗೆ, ಅಂಚಿಗೆ ಕೆಂಪು ಪಟ್ಟಿ. ಚೆನ್ನಾಗಿದೆ ಎಂದೆ.

ಅದೇ ಹೊತ್ತಿಗೆ ಆ ಗಲ್ಲಿಯ ಸೇವಿಕೆ ಶೋಭಾತಾಯಿ ತಕ್ಕಡಿ ಹೆಗಲಿಗೆ ಹಾಕಿಕೊಂಡು ಬಂದಳು. ಮೈಮುರಿದು ದುಡಿಯುವ ಹೆಂಗಸು, ಬಸ್ತಿಯ ಮಕ್ಕಳೆಲ್ಲ ಅವಳಿಗೆ ಹೆಸರಿನಿಂದ ಗೊತ್ತು. ತೂಕ ಹೇಗೆ ನೋಡುತ್ತೀರಿ ಎಂದು ಸುಮ್ಮನೆ ಕೇಳಿದೆ. ಅವಳು ಸಂಗೀತಾಳ ಕೈಯಿಂದ ಗೋಧಡಿ ತೆಗೆದುಕೊಂಡು, ಮಗುವನ್ನು ಇದರಲ್ಲಿ ಬಿಗಿಯಾಗಿ ಸುತ್ತಿ ಹೀಗೆ ಜೋಲಿಯಲ್ಲಿ ಇಡುತ್ತೇವೆ, ಮೂರು ದಿನದ ಕೂಸನ್ನು ಬರಿಮೈಯಲ್ಲಿ ಗಾಳಿಗೆ ಹಿಡಿಯಲಾಗುತ್ತದೆಯೇ ಎನ್ನುತ್ತ, ಮಡಿಸಿದ ಗೋಧಡಿಯನ್ನು ಜೋಲಿಯಲ್ಲಿಟ್ಟು ತಕ್ಕಡಿ ಎತ್ತಿ ತೋರಿಸಿದಳು. ಮಾತಾಡುತ್ತ ಮಾವಶಿಯ ಕಡೆ ನೋಡುತ್ತಿದ್ದಳು. ಮುಳ್ಳನ್ನು ನೋಡಿದವರು ನಾನು ಮತ್ತು ವಿನಯಾ ಮಾತ್ರ.

ಮುಳ್ಳು ಆರುನೂರು ಗ್ರಾಂ ಮೇಲೆ ನಿಂತಿತ್ತು, ಜೋಲಿಯಲ್ಲಿ ಮಗುವಿರಲಿಲ್ಲ.

ಒಂದು ಕಿಲೋ ಎಂಟುನೂರು ಗ್ರಾಂನ ಮಗು ಆ ತಕ್ಕಡಿಯಲ್ಲಿ ಎರಡು ಕಿಲೋ ನಾನೂರು ತೂಗುತ್ತದೆ. ಕಾರ್ಡಿನಲ್ಲಿ ಅದೇ ಅಂಕಿ ಬೀಳುತ್ತದೆ, ಗಾಡಿ ಬರುವುದಿಲ್ಲ, ಮಗು ಮನೆಯಲ್ಲೇ ಉಳಿಯುತ್ತದೆ. ಬಟ್ಟೆಯ ತೂಕ ಕಳೆಯಬೇಕೆಂದು ಆ ಹೆಂಗಸರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತೂಕದ ಯಂತ್ರ ಕೊಟ್ಟವರು ಮಗುವನ್ನು ಹೇಗೆ ಸುತ್ತುತ್ತಾರೆಂದು ನೋಡಿರಲಿಲ್ಲ, ನೋಡಬೇಕಾದ ನಾವು ಬೀಗ ಕಂಡ ಕೂಡಲೇ ಮುಂದಿನ ಮನೆಗೆ ಹೋಗಿದ್ದೆವು.

ವಿನಯಾ ಬಾಯಿ ತೆರೆದಳು. ನಾನು ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ. ಚಹಾ ಮುಗಿಸಿ, ಸಂಗೀತಾಳಿಗೆ ಹುಷಾರಾಗಿರು ಎಂದು ಹೇಳಿ, ಹೊರಗೆ ಬಂದೆವು.

ನಮ್ಮ ವೃತ್ತಿಯಲ್ಲಿ ಒಂದು ನಿಯಮವಿದೆ, ನಾನು ಮೊದಲ ದಿನವೇ ಕಲಿಸುತ್ತಿದ್ದದ್ದು. ಮೌಲ್ಯಮಾಪಕ ಕ್ಷೇತ್ರದಲ್ಲಿ ನೋಡಬೇಕು, ಕೇಳಬೇಕು, ಬರೆದುಕೊಳ್ಳಬೇಕು. ಸಲಹೆ ಕೊಡಬಾರದು, ತಿದ್ದಬಾರದು. ತಿದ್ದಿದರೆ ಆಮೇಲೆ ಅಳೆಯುವುದು ಕಾರ್ಯಕ್ರಮವನ್ನಲ್ಲ, ನಮ್ಮ ಕೈವಾಡವನ್ನು. ನಿಯಮ ಮೂರ್ಖತನದ್ದಲ್ಲ. ಆದರೆ ಆ ದಿನ ಗಲ್ಲಿಯ ಕೊನೆಯಲ್ಲಿ ನಿಂತು ವಿನಯಾ, “ಮಾವಶಿಗೆ ಹೇಳಿ ಬರುವಾ ಮೇಡಂ, ಎರಡು ನಿಮಿಷದ ಮಾತು,” ಎಂದಾಗ ನಾನು ಅದನ್ನೇ ಅಡ್ಡ ಹಿಡಿದೆ. ಒಂದು ಮನೆಗೆ ಹೇಳಿದರೆ ಇಡೀ ಬಸ್ತಿ ಶೋಭಾತಾಯಿಯ ಮೇಲೆ ಬೀಳುತ್ತದೆ, ಟ್ರಸ್ಟಿನವರು ನಾವೇ ಜನರನ್ನು ಎತ್ತಿಕಟ್ಟಿದೆವು ಎನ್ನುತ್ತಾರೆ, ಮೊದಲು ಲಿಖಿತವಾಗಿ ಕೊಡೋಣ ಎಂದೆ. ಇದೂ ಅಲ್ಲದೆ, ಮನಸ್ಸಿನ ಮೂಲೆಯಲ್ಲಿ, ನನ್ನ ವರದಿ ತಪ್ಪಾದದ್ದು ಮೊದಲು ನನ್ನ ಬಾಯಿಂದಲೇ, ನನ್ನ ಕ್ರಮದಲ್ಲೇ ಹೊರಬರಲಿ ಎಂಬ ಆಸೆಯೂ ಇತ್ತು. ಅದನ್ನು ಆಗ ಒಪ್ಪಿಕೊಂಡಿರಲಿಲ್ಲ. ವಿನಯಾ ಸರಿ ಮೇಡಂ ಎಂದಳು.

ಸೋಮವಾರ ಬೆಳಿಗ್ಗೆಯೇ ನಿರ್ದೇಶಕರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಮುಖ ಬಿಳಿಚಿಕೊಂಡಿತು. ಟ್ರಸ್ಟಿನ ಸಭೆ ಆಗಸ್ಟ್ ಕೊನೆಯ ವಾರದಲ್ಲಿದೆ, ಅರ್ಧಂಬರ್ಧ ಹೇಳಿ ಗಾಬರಿ ಮಾಡುವುದು ಬೇಡ, ರಿಪ್ಲೇಸ್‌ಮೆಂಟ್ ಆದ ಮನೆಗಳನ್ನೆಲ್ಲ ನೋಡಿ ಗಟ್ಟಿ ಪುರಾವೆಯೊಂದಿಗೆ ಹೋಗೋಣ ಎಂದರು. ನಾನು ಎದುರು ಹೇಳಲಿಲ್ಲ, ಅವರಿಗಿಂತ ಹೆಚ್ಚು ಒಪ್ಪಿದವಳು ನಾನೇ. ಪುರಾವೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ.

ಎಂಟು ಜನರ ಪಟ್ಟಿಯಲ್ಲಿ ಒಟ್ಟು ಇಪ್ಪತ್ತೆಂಟು ಮನೆಗಳು ಹೀಗೆ ಬದಲಾಗಿದ್ದವು. ವಿನಯಾಳ ಆರು ಬಿಟ್ಟರೆ ಒಬ್ಬೊಬ್ಬರದೂ ಮೂರು ನಾಲ್ಕು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವಿನಯಾ ಮತ್ತು ನಾನು ಮಳೆಯಲ್ಲೇ ಒಂದೊಂದು ಮನೆಗೂ ಮೂರು ಸಲ, ನಾಲ್ಕು ಸಲ ಹೋದೆವು. ಕೂತೆವು. ಬೆಳ್ಳುಳ್ಳಿ ಸುಲಿದೆವು, ಅಕ್ಕಿ ಆರಿಸಿದೆವು. ಸಂಗೀತಾಳ ಗಲ್ಲಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ, ಅಲ್ಲಿಯ ಕೆಲಸ ಮುಗಿದಿತ್ತಲ್ಲ. ಇಪ್ಪತ್ತೆಂಟರಲ್ಲಿ ಕೆಲವರು ನಿಜಕ್ಕೂ ಬಾಣಂತನಕ್ಕೆ ಹೋಗಿದ್ದರು, ಕೆಲವರು ಮನೆ ಬದಲಿಸಿದ್ದರು. ಏಳು ಮನೆಗಳಲ್ಲಿ ಮಗು ತೀರಿಕೊಂಡಿತ್ತು. ಏಳೂ ಸಾವಿಗೆ ತಕ್ಕಡಿಯೇ ಕಾರಣ ಎಂದು ನಾನು ಹೇಳಲಾರೆ, ಹಾಗೆ ಹೇಳಲು ವೈದ್ಯರ ದಾಖಲೆ ಬೇಕು. ಐದು ಮಕ್ಕಳ ಕಾರ್ಡಿನಲ್ಲಿ ತೂಕ ಎರಡು ಮತ್ತು ಎರಡೂವರೆ ಕಿಲೋ ನಡುವೆ ಇತ್ತು ಎಂದಷ್ಟೇ ಹೇಳಬಲ್ಲೆ.

ಸಭೆಯಲ್ಲಿ ನಾನು ನನ್ನ ಹಳೆಯ ವರದಿಯನ್ನು ಹಿಂದಕ್ಕೆ ಪಡೆದು ಹೊಸದನ್ನು ಓದಿದೆ. ಟ್ರಸ್ಟಿನವರು ವಾದ ಮಾಡಲಿಲ್ಲ. ಅಲ್ಲಿಂದಲೇ ಫೋನ್ ಮಾಡಿ, ಇವತ್ತಿನಿಂದ ಬಟ್ಟೆಯನ್ನು ಮೊದಲು ತೂಗಿ ಆ ತೂಕ ಕಳೆಯಬೇಕು ಎಂದು ಸೇವಿಕೆಯರಿಗೆ ಹೇಳಿಸಿದರು. ವಿನಯಾ ಹೇಳಿದ್ದು ಸರಿ, ಎರಡು ನಿಮಿಷದ ಮಾತು. ನಮ್ಮ ಕೈಯಲ್ಲಿ ಅದಕ್ಕೆ ಮೂರು ವಾರ ಮೀರಿ ಹಿಡಿದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಸೆಪ್ಟೆಂಬರ್ ಮೊದಲ ವಾರ, ಗಣಪತಿ ಹಬ್ಬಕ್ಕೆ ಇನ್ನೂ ಕೆಲವು ದಿನ ಇತ್ತು, ನಾವಿಬ್ಬರೂ ಮಾವಶಿಯ ಮನೆಗೆ ಹೋದೆವು. ಕೂಸಿಗೆಂದು ಒಂದು ಟೋಪಿ, ಕಾಲುಚೀಲ ಕೊಂಡಿದ್ದೆ. ಬಾಗಿಲು ತೆರೆದಿತ್ತು. ಮಾವಶಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಕೆಲಸವಿರಲಿಲ್ಲ. ಸಂಗೀತಾ ಎಲ್ಲಿ ಎಂದು ನಾನೇ ಕೇಳಿದೆ.

ಅವಳು ನನ್ನ ಮುಖ ನೋಡಲಿಲ್ಲ.

“ಊರಿಗೆ ಹೋಗಿದ್ದಾಳೆ,” ಎಂದಳು.

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ವಿನಯಾ ಒಳಗೆ ಹೋಗಿ ಮಾವಶಿಯ ಪಕ್ಕ ಕೂತಳು. ಟೋಪಿಯ ಪೊಟ್ಟಣವನ್ನು ಬ್ಯಾಗಿನಿಂದ ಹೊರಗೆ ತೆಗೆಯದೆ ಎದ್ದು ಬಂದೆ. ಆಮೇಲೆ ಟ್ರಸ್ಟಿನ ಕಚೇರಿಯಲ್ಲಿ ಕಾರ್ಡ್ ತೆಗೆಸಿ ನೋಡಿದೆ. ಆಗಸ್ಟ್ ಮಧ್ಯದಲ್ಲಿ ಮನೆಯಲ್ಲೇ ಹೆರಿಗೆ, ಹೆಣ್ಣು ಮಗು, ಮೂರನೇ ದಿನದ ತೂಕ ಎರಡು ಕಿಲೋ ಮುನ್ನೂರು. ಅದರಲ್ಲಿ ಎಷ್ಟು ಕಳೆಯಬೇಕೆಂಬುದು ನನಗೆ ಗೊತ್ತಿತ್ತು. ಆ ಗೋಧಡಿಯ ತೂಕ ನಾನು ಕಣ್ಣಾರೆ ನೋಡಿದ್ದೆ.

ಕಲ್ಯಾಣ ಸ್ಟೇಷನ್‌ವರೆಗೆ ರಿಕ್ಷಾದಲ್ಲಿ ವಿನಯಾ ಹೊರಗೇ ನೋಡುತ್ತಿದ್ದಳು. ಇಳಿಯುವಾಗ ಒಂದೇ ಮಾತು ಹೇಳಿದಳು:

“ಇಡೀ ಟ್ರೇನಿಂಗ್‌ನಲ್ಲಿ ನಿಮ್ಮ ಮಾತು ನಾನು ಕೇಳಿದ್ದು ಆ ಭಾನುವಾರ ಅದೊಂದೇ ಸಲ ಮೇಡಂ.”

ಅವಳ ‘ಅಪೂರ್ಣ’ವನ್ನು ಹೊಡೆದುಹಾಕಿ ಮೊದಲ ದರ್ಜೆ ಎಂದು ಬರೆದು ಸರ್ಟಿಫಿಕೇಟ್ ಮಾಡಿಸಿದೆ. ತೆಗೆದುಕೊಳ್ಳಲು ಅವಳು ಬರಲಿಲ್ಲ. ನರ್ಸಿಂಗ್ ಸೇರಿದಳೆಂದೂ, ಈಗ ಕಾಮೋಠೆಯಲ್ಲಿ ಮಕ್ಕಳ ವಾರ್ಡಿನಲ್ಲಿದ್ದಾಳೆಂದೂ ಅವಳ ಅಪ್ಪನ ಹೋಟೆಲಿನಲ್ಲಿ ಕೇಳಿ ತಿಳಿದೆ. ಸರ್ಟಿಫಿಕೇಟ್ ಇನ್ನೂ ನನ್ನ ಬೀರುವಿನಲ್ಲಿದೆ. ಮಾವಶಿಗೆ ಆ ಭಾನುವಾರ ನಾನು ಕಂಡದ್ದನ್ನು ಹೇಳಲು ಮತ್ತೆರಡು ಸಲ ಆ ಗಲ್ಲಿಯ ತುದಿವರೆಗೆ ಹೋಗಿ ಹಿಂದಿರುಗಿದ್ದೆ. ಮೂರನೇ ಸಲ ಹೋಗಿ ಹೇಳಿದೆ. ಅವಳು ಬೈಯಲಿಲ್ಲ, ಅತ್ತದ್ದೂ ಇಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ನ್ಯಾಯವಾಗಿತ್ತು.

ನಾನು ೨೦೧೬ರಲ್ಲಿ ನಿವೃತ್ತಳಾದೆ. ಮೊದಲ ದಿನದ ಪಾಠಕ್ಕೆ ಈಗಲೂ ಕರೆಯುತ್ತಾರೆ. ನಲವತ್ತು ವರ್ಷ ಅಂಕಿಗಳ ಜೊತೆ ಬದುಕಿ ಕಲಿತದ್ದು ಎರಡೇ ಸಂಗತಿ. ಸಿಗದೆ ಹೋದ ಮನೆಯೇ ಮೊದಲು ನೋಡಬೇಕಾದ ಮನೆ. ಇನ್ನೊಂದು, ಜೀವಕ್ಕೆ ಅಪಾಯ ಕಣ್ಣಿಗೆ ಬಿದ್ದರೆ ಪೆನ್ನು ಕೆಳಗಿಟ್ಟು ಆ ಬಾಗಿಲಲ್ಲೇ ಬಾಯಿ ಬಿಡಬೇಕು, ಡೇಟಾ ಕೆಟ್ಟರೆ ಕೆಡಲಿ. ಇವೆರಡನ್ನೂ ಮ್ಯಾನ್ಯುಯಲ್‌ನಲ್ಲಿ ಸೇರಿಸಿದ್ದೇನೆ. ಮೂವತ್ತೊಂದನೇ ಪುಟದಲ್ಲಿ ಮೂರು ಸಲ ಎಂಬುದು ಮರಳಿ ಬಂದಿದೆ. ಕೋಡ್ ಆರನ್ನು ತೆಗೆದುಹಾಕಿದ್ದೇನೆ, ಆದರೆ ಉಳಿದವುಗಳ ಸಂಖ್ಯೆ ಬದಲಿಸಿಲ್ಲ. ಐದರ ಕೆಳಗೆ ಒಂದು ಸಾಲು ಖಾಲಿ, ಆಮೇಲೆ ಏಳು.

ಪ್ರತಿ ತಂಡದಲ್ಲೂ ಯಾರಾದರೊಬ್ಬರು ಕೈ ಎತ್ತಿ, ಮೇಡಂ, ಆರು ಬಿಟ್ಟುಹೋಗಿದೆ, ಪ್ರಿಂಟಿಂಗ್ ಮಿಸ್ಟೇಕ್ ಎನ್ನುತ್ತಾರೆ. ಪ್ರಿಂಟರಿನವನದಲ್ಲ, ನನ್ನದು ಎಂದು ಹೇಳಿ, ಕುರ್ಚಿ ಎಳೆದುಕೊಂಡು ಕೂತು, ಸಂಗೀತಾಳ ಮನೆಯಿಂದ ಪಾಠ ಶುರು ಮಾಡುತ್ತೇನೆ.